ನಟ್ ಜೊತೆ ಸ್ಟಡ್ಡೂ ತಿರುಗಿದ್ರೆ ಏನ್ ಮಾಡೋದು?

ಹಂಪ್ ದಾಟಿದಾಗಲೆಲ್ಲ ನನ್ನ ಕಾರಿನ ಮುಂದಿನ ಚಕ್ರದ ಹತ್ರ ಟಕ್ ಟಕ್ ಸದ್ದು. ಓದಿದ್ದು ಬಿ.ಕಾಂ, ಆದ್ರೂ ಲಿಂಕ್ ರಾಡ್ ನಾನೇ ಬದಲಾಯಿಸ್ತೀನಿ ಅಂತ ಕೂತೆ. ನಟ್‌ಗೆ ಸ್ಪ್ಯಾನರ್ ಹಾಕಿದೆ, ತಿರುಗ್ತು. ತಿರುಗ್ತಾನೇ ಇತ್ತು, ಹೊರಗೆ ಮಾತ್ರ ಬರಲಿಲ್ಲ!

ಕಾರಣ ಸರಳ. ಲಿಂಕ್ ರಾಡ್ ತುದಿಯಲ್ಲಿ ಬಾಲ್ ಜಾಯಿಂಟ್ ಇರುತ್ತೆ. ಸ್ಟಡ್ ಆ ಬಾಲ್‌ನದ್ದೇ ಭಾಗ. ನಟ್ ತುಕ್ಕು ಹಿಡಿದು ಬಿಗಿ, ಬಾಲ್ ಸವೆದು ಸಡಿಲ. ಹಾಗಾಗಿ ನಟ್ ಜೊತೆ ಸ್ಟಡ್ಡೂ ಸುತ್ತುತ್ತೆ.

ಮೊದಲು, ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಥ್ರೆಡ್ಡನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು, ಟೀ ಕುಡಿದು ಬನ್ನಿ. ಹೆಚ್ಚಿನ ಲಿಂಕ್‌ಗಳಲ್ಲಿ ಸ್ಟಡ್ ತುದಿಗೆ ಅಲೆನ್ ಕೀ ಕೂರೋ ಗುಳಿ ಇರುತ್ತೆ. ಅದರೊಳಗಿನ ಮಣ್ಣು ಕೆರೆದು, ಕೀ ಪೂರ್ತಿ ಕೂರಿಸಿ ಗಟ್ಟಿಯಾಗಿ ಹಿಡಿದು, ರಿಂಗ್ ಸ್ಪ್ಯಾನರ್‌ನಲ್ಲಿ ನಟ್ ಬಿಚ್ಚಿ. ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್, ಮತ್ತೆ ಬಿಚ್ಚಿ.

ನಾನು ಆತುರಪಟ್ಟೆ, ಮಣ್ಣು ತೆಗೀಲಿಲ್ಲ. ಗುಳಿಯ ಮೂಲೆಗಳೇ ಸವೆದು ಹೋದ್ವು. ಕೊನೆಗೆ ಗ್ಯಾರೇಜ್ ಅಣ್ಣ ಗ್ರೈಂಡರ್‌ನಲ್ಲಿ ನಟ್ ಕತ್ತರಿಸಿದ್ರು. ಹಳೇ ಲಿಂಕ್ ಹೇಗೂ ಗುಜರಿಗೆ, ನಷ್ಟವಿಲ್ಲ. ಹೊಸ ಲಿಂಕ್‌ಗೆ ಹೊಸ ನಟ್ಟೇ ಹಾಕಿದ್ವಿ.

ಆದ್ರೆ ಒಂದು ಮಾತು: ಶಾಕ್ ಅಬ್ಸಾರ್ಬರ್‌ನಲ್ಲಿ ಈ ಧೈರ್ಯ ಬೇಡ. ಅದರ ಹೊಳೆಯೋ ರಾಡನ್ನು ಪ್ಲೈಯರ್‌ನಲ್ಲಿ ಹಿಡಿದ್ರೆ ಗೀರು ಬಿದ್ದು ಆಯಿಲ್ ಸೀಲ್ ಹಾಳು. ಸ್ಪ್ರಿಂಗ್ ಇರೋ ಸ್ಟ್ರಟ್‌ನ ಮೇಲಿನ ನಟ್ಟನ್ನಂತೂ, ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮುಟ್ಟಲೇಬೇಡಿ. ಅದು ಸಿಡಿದ್ರೆ ಜೀವಕ್ಕೇ ಕುತ್ತು. ಅಲ್ಲಿ ಗ್ಯಾರೇಜ್ ಅಣ್ಣನಿಗೆ ಕೊಡೋ ದುಡ್ಡು ಖರ್ಚಲ್ಲ, ಇನ್ಶೂರೆನ್ಸ್. ಸಿಗೋಣ!