ಕುಂಡದಲ್ಲಿ ತಂಗಡಿ

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೊರಟಿದ್ದೀರಿ. ಸೊಲ್ಲಾಪುರ ದಾಟಿದ ಮೇಲೆ ಕಿಟಕಿಯಾಚೆ ಕಲ್ಲುನೆಲ, ಅದರ ಅಂಚಿಗೆ ಬಂಗಾರದ ಬಣ್ಣದ ಹೂ ಹೊತ್ತ ಪೊದೆ. ಅದೇ ನಮ್ಮ ತಂಗಡಿ. ಕೆಲವು ಕಡೆ ಆವರಿಕೆ ಎನ್ನುತ್ತಾರೆ. ಮರಾಠಿಯಲ್ಲಿ ತರವಡ, ತೆಲುಗಿನಲ್ಲಿ ತಂಗೇಡು. ತೆಲಂಗಾಣದ ರಾಜ್ಯಪುಷ್ಪವೂ ಇದೇ. ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು. ರಾಜಸ್ಥಾನದ ಒಣನೆಲದಿಂದ ತಮಿಳುನಾಡಿನವರೆಗೂ ತಾನಾಗಿ ಬೆಳೆಯುವ ಗಿಡ. ಹಿಂದೆ ಚರ್ಮ ಹದಮಾಡಲು ಇದರ ತೊಗಟೆಯನ್ನೇ ಬಳಸುತ್ತಿದ್ದರು.

ಮುಂಬಯಿಯಲ್ಲಿ ಹಳದಿ ಹೂ ಕಂಡ ಕೂಡಲೇ ತಂಗಡಿ ಎಂದುಕೊಳ್ಳಬೇಡಿ. ರಸ್ತೆ ಬದಿಯಲ್ಲಿ ಎತ್ತರಕ್ಕೆ ಬೆಳೆದ ಮರ ಸೀಮೆ ತಂಗಡಿ. ಅದು ಹೊರದೇಶದಿಂದ ಬಂದದ್ದು. ಮಳೆಗಾಲದಲ್ಲಿ ಎಲ್ಲೆಂದರಲ್ಲಿ ಹುಟ್ಟುವ, ನಮ್ಮ ತುಳುವರು ಪಲ್ಯ ಮಾಡುವ ತಜಂಕು, ಮರಾಠಿಯವರ ಟಾಕಳಾ, ಅದೂ ಇದರ ದಾಯಾದಿಯೇ. ಅದರ ಎಲೆಯಲ್ಲಿ ಮೂರೇ ಜೋಡಿ ಕಿರುಎಲೆಗಳು. ತಂಗಡಿಯಲ್ಲಿ ಎಂಟರಿಂದ ಹನ್ನೆರಡು ಜೋಡಿ. ಇನ್ನೂ ಖಚಿತವಾದ ಗುರುತು ಬೇಕೆ? ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗ ನೋಡಿ. ಅಲ್ಲಿ ಕಿವಿಯಂತೆ ಅಗಲವಾದ ಎರಡು ಪುಟ್ಟ ಎಲೆಗಳಿರುತ್ತವೆ. ಇದರ ಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟಾ; ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು ಎಂದರ್ಥ. ಕಾಯಿ ಚಪ್ಪಟೆ, ಒಣಗಿದರೆ ಕಂದು ಕಾಗದದಷ್ಟು ತೆಳು.

ಇನ್ನು ಬೆಳೆಸುವ ಮಾತು. ನನ್ನ ಮೊದಲ ತಂಗಡಿ ಜುಲೈ ತಿಂಗಳಲ್ಲಿ ಸತ್ತಿತು. ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ತುಳಸಿಗೆ ಹಾಕುವ ಹಾಗೆ ದಿನಾ ಒಂದು ತಂಬಿಗೆ ಹಾಕಿದೆ. ಮೇಲೆ ಮುಂಬಯಿ ಮಳೆ ಬೇರೆ. ಬಯಲುಸೀಮೆಯ ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ, ಇಲ್ಲಿ 2,000 ಮಿಲಿಮೀಟರಿಗೂ ಹೆಚ್ಚು. ಬೇರು ಕೊಳೆತು ಹೋಯಿತು. ಪ್ರೀತಿಯಿಂದಲೇ ಕೊಂದೆನಲ್ಲ ಎಂದು ಎಷ್ಟೋ ದಿನ ಮನಸ್ಸಿಗೆ ಚುಚ್ಚುತ್ತಿತ್ತು.

ಹಾಗಾಗಿ ನೀವು ಹೀಗೆ ಮಾಡಿ. ಸಂಕ್ರಾಂತಿಗೆ ಊರಿಗೆ ಹೋದಾಗ ಒಣಗಿದ ಕಾಯಿ ನಾಲ್ಕು ತನ್ನಿ. ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಕುದಿಸಿ ಒಲೆಯಿಂದ ಇಳಿಸಿದ ನೀರಿನಲ್ಲಿ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಒಂದು ಅಡಿಗಿಂತ ಆಳದ, ತೂತುಳ್ಳ ಕುಂಡಕ್ಕೆ ಅರ್ಧ ಮಣ್ಣು, ಅರ್ಧ ದಪ್ಪ ಮರಳು ತುಂಬಿ. ನೇರವಾಗಿ ಅದರಲ್ಲೇ ಬಿತ್ತಿ. ತಾಯಿಬೇರು ಆಳಕ್ಕಿಳಿಯುವುದರಿಂದ ಕಿತ್ತು ನೆಡುವುದನ್ನು ಈ ಗಿಡ ಸಹಿಸದು. ದಿನವಿಡೀ ಬಿಸಿಲು ಬೀಳುವ ಕಡೆ ಇಡಿ. ಸಸಿ ನಿಂತ ಮೇಲೆ, ಬೆರಳು ಚುಚ್ಚಿ ನೋಡಿ. ಮಣ್ಣು ಒಣಗಿದ್ದರೆ ಮಾತ್ರ ನೀರು. ಜೂನ್ ಬಂತೆಂದರೆ ಕುಂಡವನ್ನು ಸಜ್ಜಾದ ಕೆಳಗೆ ಸರಿಸಿ.

ಆತುರ ಬೇಡ. ಹೂ ಬಿಟ್ಟ ದಿನ ಬೆಳಿಗ್ಗೆ ಕಿವಿಗೊಡಿ. ದಪ್ಪ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ ಗುಂಯ್‌ಗುಡುತ್ತದೆ. ಆ ಅದುರುವಿಕೆಗೇ ಪರಾಗ ಉದುರುವುದು. ಲೋಕಲ್ ರೈಲಿನ ಸದ್ದಿನ ನಡುವೆಯೂ ಅದು ಕೇಳಿಸುತ್ತದೆ. ನನ್ನ ಎರಡನೆಯ ಗಿಡದ ಬಳಿ ನಾನು ಕೇಳಿದ್ದೇನೆ.