ಪಡಸಾಲೆಯ ಇಂಟರ್‌ನೆಟ್ ಒಳಕೋಣೆಗೂ ತಲುಪಲಿ

(ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶಿಕ್ಷಣದ ಸಭೆಯಲ್ಲಿ ಕರೆಂಟ್ ವೈರಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅದಕ್ಕೆ ಉತ್ತರ ಕೊಡುವ ಮೊದಲು ನಿಮಗೆ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಇಂಟರ್‌ನೆಟ್ಟಿನ ರೂಟರ್ ಎಲ್ಲಿದೆ? ನಿಮ್ಮ ಮಗಳು ಓದಲು ಕುಳಿತುಕೊಳ್ಳುವುದು ಎಲ್ಲಿ?

ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ. ಬೀದಿಯ ಕಂಬದಿಂದ ಬಂದ ಕೇಬಲ್ ಎಲ್ಲಿ ಒಳಗೆ ಬಂತೋ ಅಲ್ಲೇ, ಅಂದರೆ ಮುಂದಿನ ಪಡಸಾಲೆಯಲ್ಲೇ ರೂಟರ್ ಕುಳಿತಿದೆ. ಅಲ್ಲಿ ಅತಿಥಿಗಳು ಬರುತ್ತಾರೆ, ಗಂಡಸರು ಮೊಬೈಲ್ ನೋಡುತ್ತಾರೆ. ಓದುವ ಹೆಣ್ಣುಮಗಳು ಮಾತ್ರ ಮೂರನೆಯ ಗೋಡೆಯ ಆಚೆ, ಅಡುಗೆಮನೆಗೆ ತಾಗಿದ ಒಳಕೋಣೆಯಲ್ಲಿದ್ದಾಳೆ. 2020ರ ಲಾಕ್‌ಡೌನ್‌ನಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ ಈ ಮೂರು ಗೋಡೆಗಳ ಬೆಲೆ ಏನೆಂದು ನಮಗೆ ತಿಳಿಯಿತು. ಶುಲ್ಕ ಕಟ್ಟಿದ್ದ ಸಂಪರ್ಕ ಮನೆಯೊಳಗಿತ್ತು, ಆದರೆ ಬೇಕಾದವರ ಕೈಗೆ ಸಿಗಲಿಲ್ಲ. ಲಾಕ್‌ಡೌನ್ ಮುಗಿಯಿತು. ಗೋಡೆಗಳು ಹಾಗೆಯೇ ಇವೆ.

ನಮ್ಮ ಕರಾವಳಿಯ ಮನೆಗಳು ಚಿರೆಕಲ್ಲಿನವು. ದಪ್ಪ ಗೋಡೆ, ಮಳೆಗಾಲದಲ್ಲಿ ತೇವ ಹಿಡಿಯುವ ಕಲ್ಲು, ಮೇಲೆ ಕಬ್ಬಿಣದ ಸರಳು ಹಾಕಿದ ಆರ್‌ಸಿಸಿ ತಾರಸಿ. ವೈ-ಫೈ ಎಂಬುದು ರೇಡಿಯೋ ಅಲೆ. ಕಲ್ಲು, ನೀರು, ಕಬ್ಬಿಣ ಮೂರೂ ಅದನ್ನು ಕುಂದಿಸುತ್ತವೆ. ಆದರೆ ಆ ಗೋಡೆಗಳನ್ನು ಆಗಲೇ ದಾಟಿ ಹೋಗಿರುವ ಒಂದು ದಾರಿ ಪ್ರತಿ ಮನೆಯಲ್ಲೂ ಇದೆ. ಅದೇ ದೀಪ, ಫ್ಯಾನುಗಳಿಗೆ ಎಳೆದ ವೈರು.

ಹಳೆಯ ವಿದ್ಯೆಯೇ

ಕರೆಂಟ್ ಹೋಗುವ ತಂತಿಯಲ್ಲಿ ಸಂದೇಶವನ್ನೂ ಕಳುಹಿಸುವುದು ಹೊಸ ಸಂಗತಿಯಲ್ಲ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲಿ ಶರಾವತಿಯ ನೀರಿನಿಂದ ತಲಾ 60 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ವಿದ್ಯುತ್ ಉತ್ಪಾದಿಸುತ್ತವೆ. ಇಂತಹ ಕೇಂದ್ರಗಳಿಂದ ಹೊರಡುವ ಭಾರಿ ಲೈನುಗಳ ಮೇಲೆಯೇ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಮಾತನಾಡುವ ಪದ್ಧತಿಯನ್ನು ನಮ್ಮ ದೇಶದ ವಿದ್ಯುತ್ ಇಲಾಖೆಗಳು ದಶಕಗಳಿಂದ ಬಳಸಿವೆ. ದೊಡ್ಡ ಸಬ್‌ಸ್ಟೇಷನ್ ಮುಂದೆ ಹೋಗುವಾಗ ಲೈನಿಗೆ ಜೋಡಿಸಿದ ಪೀಪಾಯಿಯಂತಹ ಸುರುಳಿ ಕಂಡರೆ ಗಮನಿಸಿ. ಸಂದೇಶದ ಅಲೆ ದಾರಿ ತಪ್ಪದಂತೆ ತಡೆಯುವ ಸಾಧನ ಅದು.

ಮನೆಯೊಳಗಿನ ವಿದ್ಯೆಯೂ ಅದೇ. ನಮ್ಮ ಮನೆಯ ಕರೆಂಟ್ 230 ವೋಲ್ಟ್, ಸೆಕೆಂಡಿಗೆ 50 ಸಲ ತಿರುಗುವ ಅಲೆ. ಪವರ್‌ಲೈನ್ ಅಡಾಪ್ಟರ್ ಎಂಬ ಪೆಟ್ಟಿಗೆ ಅದೇ ವೈರಿನ ಮೇಲೆ ಸೆಕೆಂಡಿಗೆ ಸುಮಾರು 20 ಲಕ್ಷಕ್ಕೂ ಹೆಚ್ಚು ಸಲ ತಿರುಗುವ ಸಣ್ಣ ಅಲೆಯನ್ನು ಸೇರಿಸುತ್ತದೆ. ಎರಡರ ನಡುವೆ ನಲವತ್ತು ಸಾವಿರ ಪಟ್ಟು ಅಂತರವಿರುವುದರಿಂದ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಇದರ ಮೊದಲ ಹೋಮ್‌ಪ್ಲಗ್ ಮಾನದಂಡ 2001ರಲ್ಲಿ ಬಂದಾಗ ವೇಗ 14 ಮೆಗಾಬಿಟ್ ಇತ್ತು. 2005ರದ್ದು 200ಕ್ಕೆ ಏರಿತು. 2010ರಲ್ಲಿ ಐಇಇಇ ಸಂಸ್ಥೆ ಅಂತರರಾಷ್ಟ್ರೀಯ ಮಾನದಂಡವನ್ನು ಅಂಗೀಕರಿಸಿತು.

ಬಳಸುವುದು ಸುಲಭ. ಅಡಾಪ್ಟರುಗಳು ಜೋಡಿಯಾಗಿ ಬರುತ್ತವೆ. ಒಂದನ್ನು ರೂಟರ್ ಪಕ್ಕದ ಪ್ಲಗ್ಗಿಗೆ ಹಾಕಿ, ಲ್ಯಾನ್ ವೈರಿನಿಂದ ರೂಟರಿಗೆ ಜೋಡಿಸಿ. ಇನ್ನೊಂದನ್ನು ಒಳಕೋಣೆಯ ಪ್ಲಗ್ಗಿಗೆ ಹಾಕಿದರೆ ಅಲ್ಲಿ ಲ್ಯಾನ್ ಸಂಪರ್ಕ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ಅಲ್ಲಿಂದಲೇ ವೈ-ಫೈ ಕೂಡ ಬರುತ್ತದೆ. ಗೋಡೆ ಕೊರೆಯಬೇಕಾಗಿಲ್ಲ.

ಎಲ್ಲಿ ಎಡವುತ್ತೇವೆ

ಇಷ್ಟು ಕೇಳಿ ನೇರ ಅಂಗಡಿಗೆ ಓಡಬೇಡಿ. ನಮ್ಮ ಮನೆಯಲ್ಲಿ ಇದನ್ನು ಹಾಕಿದಾಗ ಮೊದಲ ದಿನ ಏನೂ ನಡೆಯಲಿಲ್ಲ. ವಸ್ತು ಕೆಟ್ಟಿದೆ ಎಂದೇ ತಿಳಿದೆ. ಆದರೆ ತಪ್ಪು ನನ್ನದೇ ಆಗಿತ್ತು.

ಮೊದಲ ತಪ್ಪು, ಅಡಾಪ್ಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದು. ವೋಲ್ಟೇಜ್ ಏರಿಳಿತದಿಂದ ರಕ್ಷಿಸುವ ಬೋರ್ಡುಗಳು ಈ ಸಣ್ಣ ಅಲೆಯನ್ನು ಗಲೀಜೆಂದು ತಿಳಿದು ಸೋಸಿಬಿಡುತ್ತವೆ. ಅಡಾಪ್ಟರ್ ಯಾವಾಗಲೂ ಗೋಡೆಯ ಪ್ಲಗ್ಗಿನಲ್ಲೇ ಇರಬೇಕು. ಮೊಬೈಲ್ ಚಾರ್ಜರನ್ನೂ ಅದರ ಪಕ್ಕದಲ್ಲಿ ಹಾಕಬಾರದು. ಅಗ್ಗದ ಚಾರ್ಜರುಗಳು ವೈರಿನಲ್ಲಿ ಗದ್ದಲ ಎಬ್ಬಿಸುತ್ತವೆ.

ಎರಡನೆಯದು ಫೇಸ್. ಏಸಿ, ಪಂಪು ಇರುವ ದೊಡ್ಡ ಮನೆಗಳಿಗೆ ತ್ರೀ ಫೇಸ್ ಸಂಪರ್ಕವಿರುತ್ತದೆ. ಪಡಸಾಲೆ ಒಂದು ಫೇಸಿನಲ್ಲಿ, ಮಹಡಿ ಇನ್ನೊಂದರಲ್ಲಿ ಇದ್ದರೆ ಅಲೆ ದಾಟುವುದಿಲ್ಲ, ದಾಟಿದರೂ ಬಹಳ ಕ್ಷೀಣವಾಗಿರುತ್ತದೆ. ಯಾವ ಕೋಣೆ ಯಾವ ಫೇಸಿನಲ್ಲಿದೆ ಎಂದು ನಿಮ್ಮ ಎಲೆಕ್ಟ್ರಿಷಿಯನ್ನರನ್ನು ಕೇಳಿ. ಡಿ.ಬಿ. ಬಾಕ್ಸಿನಲ್ಲಿ ಎರಡನ್ನೂ ಒಂದೇ ಫೇಸಿಗೆ ತರಲು ಸಾಧ್ಯವೇ ಎಂದು ಅವರೇ ನೋಡಿ ಹೇಳಬೇಕು. ವಿದ್ಯಾರ್ಥಿಗಳೇ, ಆ ಬಾಕ್ಸನ್ನು ನೀವು ಬಿಚ್ಚಬೇಡಿ.

ಮೂರನೆಯದು ಇನ್ವರ್ಟರ್. ನಮ್ಮ ಮನೆಗಳಲ್ಲಿ ದೀಪ, ಫ್ಯಾನಿಗೆ ಇನ್ವರ್ಟರ್ ಲೈನು ಬೇರೆ, ಫ್ರಿಜ್ಜು, ಮಿಕ್ಸಿಗೆ ನೇರ ಲೈನು ಬೇರೆ. ಒಂದು ಅಡಾಪ್ಟರ್ ಈ ಲೈನಿನಲ್ಲಿ, ಇನ್ನೊಂದು ಆ ಲೈನಿನಲ್ಲಿ ಇದ್ದರೆ ಸಂಪರ್ಕ ಬಿದ್ದುಹೋಗಬಹುದು. ಎರಡೂ ಒಂದೇ ಕಡೆ ಇರಲಿ. ರೂಟರ್ ಮತ್ತು ಎರಡೂ ಅಡಾಪ್ಟರುಗಳು ಇನ್ವರ್ಟರ್ ಲೈನಿನಲ್ಲಿದ್ದರೆ ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಪಾಠ ನಿಲ್ಲದಿರಬಹುದು. ಆದರೆ ಇನ್ವರ್ಟರ್ ಒಳ್ಳೆಯದಿರಬೇಕು. ಅಗ್ಗದ ಇನ್ವರ್ಟರಿನ ಒರಟು ಅಲೆಯಲ್ಲಿ ವೇಗ ಕುಸಿಯುತ್ತದೆ.

ನಾಲ್ಕನೆಯದು ಗಲ್ಫಿನಿಂದ ಬಂದ ಸಾಮಾನು. ದುಬೈಯಿಂದ ರಜೆಗೆ ಬರುವ ಅಣ್ಣಂದಿರು, ಮಾವಂದಿರು ಪ್ರೀತಿಯಿಂದ ಅಡಾಪ್ಟರ್ ತರುತ್ತಾರೆ. ಅಲ್ಲಿಯ ವೋಲ್ಟೇಜ್ ನಮ್ಮದಕ್ಕೆ ಹೊಂದುತ್ತದೆ, ಆದರೆ ಪಿನ್ನು ಚೌಕದ್ದು. ಅಗ್ಗದ ಕನ್ವರ್ಟರ್ ಹಾಕಿದರೆ ಸಡಿಲವಾಗಿ ಬಿಸಿಯಾಗಬಹುದು, ಅರ್ತಿಂಗ್ ಸಿಗದೆ ಹೋಗಬಹುದು. ಹೊಸ ಮಾದರಿಗಳಲ್ಲಿ ಕೆಲವು ಅರ್ತಿಂಗ್ ವೈರನ್ನೂ ಸಂದೇಶಕ್ಕೆ ಬಳಸುವುದರಿಂದ ವೇಗವೂ ತಗ್ಗುತ್ತದೆ. ಆದ್ದರಿಂದ ಎಲೆಕ್ಟ್ರಿಷಿಯನ್ನರಿಂದ ಗೋಡೆಗೆ ಸರಿಯಾದ ಸಾಕೆಟ್ ಹಾಕಿಸಿ.

ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಹಣ ಕೊಡಬೇಡಿ. 600 ಎಂದಿದ್ದರೆ ಮನೆಯಲ್ಲಿ ಅದರ ಸಣ್ಣ ಅಂಶವಷ್ಟೇ ಸಿಗುತ್ತದೆ, ಹಳೆಯ ವೈರಿಂಗ್‌ನಲ್ಲಿ ಇನ್ನೂ ಕಡಿಮೆ. ಆದರೂ ನಿರಾಶರಾಗಬೇಕಿಲ್ಲ. ಒಂದು ವೀಡಿಯೋ ಪಾಠಕ್ಕೆ ನಾಲ್ಕೈದು ಮೆಗಾಬಿಟ್ ಸಾಕು. ಅಂಗಡಿಯವರು ಹಿಂದೆ ಪಡೆಯಲು ಒಪ್ಪಿದರೆ ಮಾತ್ರ ಕೊಳ್ಳಿ. ಅಕ್ಕಪಕ್ಕದ ಎರಡು ಪ್ಲಗ್ಗುಗಳಲ್ಲಿ ಜೋಡಿಸಿ ನೋಡಿ, ಆಮೇಲೆ ಒಂದನ್ನು ಒಳಕೋಣೆಗೆ ಒಯ್ಯಿರಿ. ಹೀಗೆ ಮಾಡಿದರೆ ದೋಷ ಅಡಾಪ್ಟರಿನದೋ ವೈರಿಂಗಿನದೋ ತಿಳಿಯುತ್ತದೆ.

ಖರ್ಚಿಗೆ ಮುಂಚೆ

ಅಡಾಪ್ಟರ್ ಕೊಳ್ಳುವ ಮೊದಲು ಇನ್ನೆರಡು ದಾರಿ ನೋಡಿ. ಒಂದು, ರೂಟರನ್ನೇ ಮನೆಯ ನಡುವಿಗೆ ತರುವುದು. ಹೊಸ ಫೈಬರ್ ಸಂಪರ್ಕ ಹಾಕಲು ಬಂದವರಿಗೆ ಬಾಗಿಲಲ್ಲೇ ಮುಗಿಸಬೇಡಿ, ಒಳಗಿನವರೆಗೆ ಎಳೆಯಿರಿ ಎಂದು ಹೇಳಿದರೆ ಸಾಕು. ಎರಡು, ಲ್ಯಾನ್ ವೈರು. ಅದು 100 ಮೀಟರ್ ದೂರ ಹೋಗುತ್ತದೆ, ಎಲ್ಲಕ್ಕಿಂತ ನಂಬಿಕೆಯದು. ಆದರೆ ಅದನ್ನು ಕರೆಂಟ್ ವೈರಿನ ಪೈಪಿನಲ್ಲೇ ತೂರಿಸಬಾರದು. ಹೊಸ ಮನೆ ಕಟ್ಟುವವರು ಅದಕ್ಕೆಂದೇ ಒಂದು ಖಾಲಿ ಪೈಪ್ ಹಾಕಿಸಿಡಿ. ಈ ಎರಡೂ ಸಾಧ್ಯವಿಲ್ಲದ ಹಳೆಯ ಮನೆಗಳಿಗೆ ಪವರ್‌ಲೈನ್ ಅಡಾಪ್ಟರ್ ಉಪಕಾರಿ.

ಕುಮಟಾ, ಹೊನ್ನಾವರದ ತೋಟದ ಮನೆಗಳವರು ಕೇಳಬಹುದು, ತಮ್ಮನ ಮನೆ ಅದೇ ಹಿತ್ತಲಲ್ಲಿದೆ, ಅಲ್ಲಿಗೂ ಹೀಗೇ ಕೊಡಬಹುದೇ ಎಂದು. ಮೀಟರ್ ಬೇರೆಯಾದರೆ ನೆಚ್ಚಿಕೊಳ್ಳಲಾಗದು. ಇದಕ್ಕಾಗಿ ನಿಮ್ಮ ಮೀಟರಿನಿಂದ ಅವರ ಮನೆಗೆ ವೈರು ಎಳೆಯುವುದು ಅಪಾಯಕಾರಿ, ನಿಯಮಬಾಹಿರ. ಇನ್ನೊಂದು ಎಚ್ಚರಿಕೆಯೂ ಇದೆ. ಅಲೆ ಕೆಲವೊಮ್ಮೆ ಮೀಟರ್ ದಾಟಿ ಪಕ್ಕದ ಮನೆಗೂ ಹೋಗಬಹುದು. ಅಡಾಪ್ಟರಿನ ಪೇರ್ ಬಟನ್ ಒತ್ತಿದರೆ ನಿಮ್ಮ ಜೋಡಿಗೆ ಬೇರೆಯೇ ಗುಪ್ತ ಕೀಲಿ ಸಿದ್ಧವಾಗುತ್ತದೆ. ಮರೆಯದೆ ಒತ್ತಿ. ನಮ್ಮ ಮನೆಯ ಮಾತು ನಮ್ಮಲ್ಲಿರಲಿ. ಪಕ್ಕದವರದು ಅಕಸ್ಮಾತ್ ಸಿಕ್ಕರೂ ಅದು ಅಮಾನತ್ತು ಎಂಬುದನ್ನು ಮರೆಯಬಾರದು.

ಮಳೆಗಾಲದ ಮುಂಚಿನ ಏಪ್ರಿಲ್-ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ನಮ್ಮಲ್ಲಿ ಸಿಡಿಲಿನ ಕಾಟವಿದೆ. ಗುಡುಗು ಆರಂಭವಾಗುವ ಸೂಚನೆ ಕಂಡೊಡನೆ ಅಡಾಪ್ಟರ್, ರೂಟರ್ ಎರಡನ್ನೂ ಪ್ಲಗ್ಗಿನಿಂದ ತೆಗೆದುಬಿಡಿ. ಸ್ವಿಚ್ ಆರಿಸಿದರೆ ಸಾಲದು.

ಬಂಧುಗಳೇ, 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪಿಸಿದ ಹಿರಿಯರು ವಿದ್ಯೆಯನ್ನು ನಮ್ಮ ಊರಿಗೆ ತಂದರು. ನಂತರದವರು ಹೆಣ್ಣುಮಕ್ಕಳಿಗೂ ಶಾಲೆ, ಕಾಲೇಜು ಕಟ್ಟಿದರು. ವಿದ್ಯೆ ಊರಿನಿಂದ ಮನೆಯ ಬಾಗಿಲಿಗೆ ಬಂದಿದೆ. ಬಾಗಿಲಿನಿಂದ ಒಳಕೋಣೆಗೆ ತಲುಪಿಸುವ ಕೆಲಸಕ್ಕೆ ಸಂಘವೂ ಬೇಡ, ಚಂದಾವೂ ಬೇಡ. ಅದು ಪ್ರತಿ ಮನೆಯ ಯಜಮಾನರದ್ದು. ಓದುವ ಆದೇಶದಿಂದಲೇ ಆರಂಭವಾದ ದಿವ್ಯವಾಣಿಯನ್ನು ನಂಬುವ ನಾವು, ಓದುವ ಮಗುವಿಗೂ ಪಾಠಕ್ಕೂ ನಡುವೆ ಗೋಡೆಯೊಂದು ಉಳಿಯಲು ಬಿಡಬಾರದು.

ಇಂದು ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ಮೊಬೈಲ್ ಹಿಡಿದುಕೊಂಡು ನಿಮ್ಮ ಮಗಳು ಓದುವ ಜಾಗದಲ್ಲಿ ಹತ್ತು ನಿಮಿಷ ಕುಳಿತು ಒಂದು ಪಾಠ ತೆರೆದು ನೋಡಿ. ಮುಂದೇನು ಮಾಡಬೇಕೆಂದು ನಿಮಗೇ ತಿಳಿಯುತ್ತದೆ, ಇನ್‌ಶಾ ಅಲ್ಲಾಹ್.

ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ.