ಕ್ಯಾನ್ಸರ್ ಮದ್ದಿಗೆ ಮುಂಚೆ ತವರಿನ ಒಂದು ಮಾತು
(ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಿಮೋ ಅಂದ ಕೂಡಲೇ "ಅದೆಲ್ಲ ಆಗೋದೇ, ಸಹಿಸ್ಕೋಬೇಕು" ಅಂತೀವಿ. ನಮ್ಮ ಸಂಘವೊಂದರ ಸದಸ್ಯೆಗೂ ಮನೆಯವರು ಹಾಗೇ ಹೇಳಿದರು. ಕರುಳಿನ ಕ್ಯಾನ್ಸರಿಗೆ ಕ್ಯಾಪೆಸಿಟಬಿನ್ ಮಾತ್ರೆ ಕೊಟ್ಟಿದ್ದರು. ಐದನೇ ದಿನಕ್ಕೆ ಬಾಯೆಲ್ಲ ಹುಣ್ಣು, ನಿಲ್ಲದ ಭೇದಿ. ಆದರೂ ಮಾತ್ರೆ ಬಿಡಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಮೈಯಲ್ಲಿ ತ್ರಾಣವೇ ಇರಲಿಲ್ಲ. ಹೇಗೋ ಉಳಿದರು. ಆಮೇಲೆ ಗೊತ್ತಾಯಿತು, ಅವರ ಅಕ್ಕನಿಗೂ ಇದೇ ಮಾತ್ರೆಯಿಂದ ಹೀಗೇ ಆಗಿತ್ತು. ಮಗಳ ಮದುವೆಗೆ ಅಡ್ಡಿಯಾದೀತೆಂದು ಯಾರಿಗೂ ಹೇಳಿರಲಿಲ್ಲ.

ಯಾಕೆ ಹೀಗಾಗುತ್ತದೆ? ಈ ಮಾತ್ರೆ ದೇಹದೊಳಗೆ 5-ಎಫ್‌ಯು ಎಂಬ ಔಷಧಿಯಾಗುತ್ತದೆ. ಅದರ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಡಿಪಿಡಿ ಎಂಬ ಕಿಣ್ವ ಒಡೆದುಹಾಕುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ. ಬಚ್ಚಲಿಗೆ ಎಲ್ಲರೂ ಒಂದೇ ಕೊಡ ನೀರು ಸುರಿದರೂ ಕಿಂಡಿ ಕಟ್ಟಿಕೊಂಡ ಕಡೆ ನೀರು ನಿಲ್ಲುತ್ತದಲ್ಲ, ಹಾಗೆ ಔಷಧಿ ಮೈಯಲ್ಲೇ ಉಳಿದು ವಿಷವಾಗುತ್ತದೆ. ಹೊರಗಿನಿಂದ ನೋಡಿದರೆ ಇದರ ಗುರುತು ಸಿಗುವುದಿಲ್ಲ. ತಂದೆತಾಯಿಯಿಂದ ಬರುವುದರಿಂದ ಒಡಹುಟ್ಟಿದವರಲ್ಲೂ ಇರಬಹುದು. ಇದು ಶಾಪವಲ್ಲ, ಯಾರ ತಪ್ಪೂ ಅಲ್ಲ.

ರಕ್ತ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು. ಚಿಕಿತ್ಸೆಗೆ ಮೊದಲೇ ಪರೀಕ್ಷಿಸಬೇಕೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ನಮ್ಮಲ್ಲಿ ನಾವಾಗಿಯೇ ಕೇಳಬೇಕು. ಕಿಣ್ವ ಕಡಿಮೆಯಿದ್ದರೆ ಡೋಸ್ ಇಳಿಸುತ್ತಾರೆ, ಪೂರ್ತಿ ಇಲ್ಲದಿದ್ದರೆ ಬೇರೆ ಔಷಧಿ ಕೊಡುತ್ತಾರೆ. ಪರೀಕ್ಷೆಗೆ ಎಲ್ಲ ದೋಷವೂ ಸಿಗುವುದಿಲ್ಲ, ವರದಿ ಸರಿಯಿದ್ದರೂ ಎಚ್ಚರ ಬೇಕು.

ಕಿಮೋ ಬೇಡ ಅಂತ ನಾನು ಹೇಳ್ತಿಲ್ಲ. ಈ ಔಷಧಿ ಎಷ್ಟೋ ಜೀವ ಉಳಿಸಿದೆ. ನಾನು ಹೇಳೋದು ಮೂರೇ ಮಾತು.

ಒಂದು, ಆಸ್ಪತ್ರೆಗೆ ಜೊತೆಗೆ ಬರುವವರು ಹೆಚ್ಚಾಗಿ ಗಂಡನ ಮನೆಯವರು. ನಮ್ಮ ರಕ್ತದ ಕಥೆ ಇರುವುದು ತವರಿನಲ್ಲಿ. ಅಲ್ಲಿ ಯಾರಿಗೆ ಕ್ಯಾನ್ಸರ್ ಬಂತು, ಯಾವ ಔಷಧಿ ಒಗ್ಗಲಿಲ್ಲ ಎಂದು ಕೇಳಿ ತಿಳಿದು ಡಾಕ್ಟರಿಗೆ ಹೇಳಿ.

ಎರಡು, "ಡಿಪಿಡಿ ಪರೀಕ್ಷೆ ಬೇಕಾ ಡಾಕ್ಟರೇ?" ಎಂದು ಮಾತ್ರೆ ಶುರುವಾಗುವ ಮೊದಲೇ ಕೇಳಿ.

ಮೂರು, ತುಂಬಾ ಭೇದಿ, ಊಟ ಮಾಡಲಾಗದಷ್ಟು ಬಾಯಿಹುಣ್ಣು, ನಿಲ್ಲದ ವಾಂತಿ, 100.4 ಡಿಗ್ರಿ ಜ್ವರ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ನಾಳೆ ನೋಡೋಣ ಅನ್ನಬೇಡಿ.

ಸಂಘದ ಪುಸ್ತಕದಲ್ಲಿ ಐದು ರೂಪಾಯಿಯನ್ನೂ ಬಿಡದೆ ಬರೆಯುವವರು ನೀವು. ಮನೆತನದ ಆರೋಗ್ಯದ ಲೆಕ್ಕಕ್ಕೂ ಒಂದು ಹಾಳೆ ಇಡಿ. ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟ ಮಾತೇ ನಾಳೆ ಆ ಮಗಳ ಜೀವಕ್ಕೆ ಅಡ್ಡಿಯಾಗಬಾರದು.